ಕೇಳಿದವರ ಪಾಲು

ನಮ್ಮೂರಿಗೆ ಸೊಸೆಯಾಗಿ ಬಂದ ಹುಡುಗಿಗೆ ಮೊದಲು ಹೇಳಿಕೊಡುವ ಬುದ್ಧಿಮಾತು ಒಂದೇ: ಕದ್ದು ತಿನ್ನುವುದಿದ್ದರೆ ಇಳಿಹೊತ್ತು ನಾಲ್ಕು ಹೊಡೆದ ಕೂಡಲೇ ತಿಂದುಬಿಡು, ಮರುದಿನ ನಾಲ್ಕರವರೆಗೆ ನಿಶ್ಚಿಂತೆ. ನನಗೂ ಹಾಗೇ ಹೇಳಿದ್ದರು. ಹೇಳಿದವರು ನಮ್ಮತ್ತೆ. ಅವರು ಹೋಗಿ ಆರು ವರ್ಷವಾಯಿತು, ಆದರೆ ನನ್ನ ಹೊಟ್ಟೆ ಈಗಲೂ ಥೇಟ್ ಅವರ ದನಿಯಲ್ಲೇ ಮಾತಾಡುತ್ತದೆ. ದಿನಾ ನಾಲ್ಕು ಗಂಟೆಗೆ ಸೆರಗಿನ ಒಳಗಿಂದ ಅತ್ತೆ ಗದರಿದ ಹಾಗೆ, "ರೊಟ್ಟಿ ಮೂರು. ಶೇಂಗಾ ಚಟ್ನಿ. ಗಿರಾಕಿ ಬಿಟ್ಟ ಹೋಳಿಗಿ ಅರ್ಧ!" ಎಂದು ಕೂಗಿದಾಗ ಎದ್ದು ನಿಂತುಬಿಡೋಣ ಅನಿಸುತ್ತದೆ.

ಎಲ್ಲರದೂ ಹೀಗೇ. ನಾಲ್ಕು ಹೊಡೆದದ್ದೇ ತಡ, ಊರಿನ ಹೊಟ್ಟೆಗಳೆಲ್ಲ ಹಿಂದಿನ ನಾಲ್ಕರಿಂದ ಈಚೆಗೆ ಒಳಗೆ ಬಿದ್ದದ್ದನ್ನು ಒಂದೂ ಬಿಡದೆ ಒಪ್ಪಿಸುತ್ತವೆ. ಹೊಟ್ಟೆಯ ದನಿಗೂ ಹೊಟ್ಟೆ ಹೊತ್ತವರಿಗೂ ಸಂಬಂಧವಿಲ್ಲ. ಗರಡಿಮನೆಯ ಪೈಲ್ವಾನ ರಾಮಪ್ಪನ ಹೊಟ್ಟೆಯದು ಈಗಷ್ಟೇ ಕಣ್ಣು ಬಿಟ್ಟ ಬೆಕ್ಕಿನ ಮರಿಯ ದನಿ. ಶಾಲೆಯ ಹೆಡ್‌ಮಾಸ್ತರರ ಹೊಟ್ಟೆ ತೊದಲುತ್ತದೆ. ಟಾಕೀಸಿನವರು ನಾಲ್ಕಕ್ಕೆ ಸರಿಯಾಗಿ ಇಂಟರ್ವಲ್ ಬಿಡುತ್ತಾರೆ. ಕನ್ಯೆ ನೋಡುವ ಶಾಸ್ತ್ರವನ್ನು ಯಾರೂ ಮೂರೂವರೆಯ ಮೇಲೆ ಇಟ್ಟುಕೊಳ್ಳುವುದಿಲ್ಲ. ಹಾಲಿಗೆ ನೀರು ಬೆರೆಸುವ ಧೈರ್ಯ ನಮ್ಮೂರಲ್ಲಿ ಇದುವರೆಗೆ ಯಾರೂ ಮಾಡಿಲ್ಲ.

ಹೊಟ್ಟೆ ಹೀಗೆ ಬಾಯಿ ಬಿಡುವ ಊರಿನಲ್ಲಿ ನೆರೆಹೊರೆಯವರು ಬಾಳಬೇಕಲ್ಲ, ಅದಕ್ಕೆ ಹಿರಿಯರು ಒಂದು ರೂಢಿ ಮಾಡಿಟ್ಟಿದ್ದಾರೆ. ಅದರ ಹೆಸರು ಕೇಳಿದವರ ಪಾಲು. ನಿಮ್ಮ ಹೊಟ್ಟೆ ಹೇಳಿದ್ದು ಯಾರ ಕಿವಿಗೆ ಬಿತ್ತೋ, ಅವರಿಗೆ ಅದರ ಆಸೆಯಾಗಿದ್ದರೆ, ಮುಂದಿನ ಸಲ ನೀವು ಅದನ್ನು ತಿನ್ನುವಾಗ ಅವರಿಗೊಂದು ಪಾಲು ಎತ್ತಿಡಬೇಕು. ನಾನು ಖಾನಾವಳಿ ನಡೆಸುವವಳು. ಮನೆ ಮನೆಗೆ ಬುತ್ತಿ ಹೊರುವವಳು. ಈ ರೂಢಿಯ ಪ್ರಕಾರ ನಾನು ಎತ್ತಿಟ್ಟ ಪಾಲುಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದ್ದರೆ ಊರಿಗೆ ಎರಡು ಹಬ್ಬದ ಊಟ ಆಗುತ್ತಿತ್ತು. ಆದರೆ ಒಮ್ಮೆಯೂ ಬೇಜಾರು ಮಾಡಿಕೊಂಡವಳಲ್ಲ. ಬೇಜಾರಾದದ್ದು ಒಂದೇ ಒಂದು ಸಲ, ಅದನ್ನೇ ಈಗ ಹೇಳಹೊರಟಿದ್ದೇನೆ.

ಡಾಕ್ಟರ್ ಕುಮುದಿನಿ ನಮ್ಮೂರಿಗೆ ಬಂದದ್ದು ಬೇಸಿಗೆಯ ಕೊನೆಯಲ್ಲಿ. ನಲವತ್ತರ ಆಸುಪಾಸಿನ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ಅದನ್ನೇ ಮನೆಯೆಲ್ಲ ಹುಡುಕುವವರು. ಸರ್ಕಾರಿ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ದೊಡ್ಡ ತಂಪುಪೆಟ್ಟಿಗೆ ಇಳಿಸಿದರು, ನನ್ನ ಖಾನಾವಳಿಯಲ್ಲಿ ಊಟಕ್ಕೆ ಹೇಳಿದರು. ಹೊರಗಿನವರ ಹೊಟ್ಟೆ ನಮ್ಮೂರಿನ ನೀರು ಮೂರು ದಿನ ಕುಡಿದ ಮೇಲೆ ಬಾಯಿ ಬಿಡುತ್ತದೆ, ಅದೂ ನಮ್ಮೂರ ಮಾತಿನಲ್ಲೇ. ನಾಲ್ಕನೆಯ ದಿನ ಇವರು ಜಗುಲಿಯ ಮೇಲೆ ಕೂತು ಏನೋ ಬರೆಯುತ್ತಿದ್ದಾಗ ಅವರ ಹೊಟ್ಟೆ ಬಸ್ಸಿನ ಕಂಡಕ್ಟರನ ಗಡಸು ದನಿಯಲ್ಲಿ, "ಉಪ್ಪಿಟ್ಟು, ಅರ್ಧ! ಚಾ, ಆರು ಕಪ್! ಮಧ್ಯಾಹ್ನದ ಊಟ, ಇಲ್ಲ! ರೈಟ್!" ಎಂದಿತು. ಡಾಕ್ಟರು ಪೆನ್ನು ಬಿಟ್ಟುಬಿಟ್ಟರು. ಆಮೇಲೆ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವ ಹಾಗೆ.

"ನಿಂಬೆವ್ವ, ಇದಕ್ಕೇ ನಾನು ಈ ಊರು ಆರಿಸಿಕೊಂಡಿದ್ದು," ಎಂದರು. "ಬೇರೆ ಕಡೆ ಔಷಧಿ ಕೊಟ್ಟರೆ ಜನ ಕುಡಿದೆ ಅಂತಾರೆ, ಹಿತ್ತಲಿಗೆ ಚೆಲ್ಲಿರ್ತಾರೆ. ಇಲ್ಲಿ ಹಾಗಿಲ್ಲ."

ಔಷಧಿ ಯಾವುದಕ್ಕೆ ಎಂದು ನಾನು ಕೇಳಬೇಕಾಗಿರಲಿಲ್ಲ. ಪ್ರತಿ ವರ್ಷ ಮೊದಲ ಮಳೆಗೆ ಹಳ್ಳದ ನೀರು ಕೆಂಪಾಗಿ ಬರುತ್ತದೆ, ಅದರ ಬೆನ್ನಿಗೇ ರಕ್ತಭೇದಿ. ಆ ಬೇನೆ ಹೊಕ್ಕ ಹೊಟ್ಟೆ ಮಾತಾಡುವುದಿಲ್ಲ. ನಾಲ್ಕು ಗಂಟೆಗೆ ಮನೆಯ ಎಲ್ಲ ಹೊಟ್ಟೆಗಳೂ ಒಪ್ಪಿಸುತ್ತಿರುವಾಗ ಮೂಲೆಯಲ್ಲೊಂದು ಸುಮ್ಮನಿದ್ದರೆ ನಮ್ಮೂರ ತಾಯಂದಿರ ಎದೆ ಝಲ್ಲೆನ್ನುತ್ತದೆ. ಅಂಥ ಮೌನ ಎಷ್ಟು ಮನೆಗಳಲ್ಲಿ ಮತ್ತೆ ಮಾತಿಗೆ ಬರಲೇ ಇಲ್ಲ ಎಂದು ಲೆಕ್ಕ ಹಾಕಲು ನನಗೆ ಮನಸ್ಸಿಲ್ಲ.

ಡಾಕ್ಟರು ಒಂಬತ್ತು ವರ್ಷದಿಂದ ಇದೊಂದನ್ನೇ ಹಿಡಿದುಕೊಂಡಿದ್ದರು. ರೋಗ ತರುವ ಹುಳವನ್ನೇ ಹಿಡಿದು, ಸಾಯಿಸದೆ ಸೊರಗಿಸಿ, ಹೊಟ್ಟೆಗೆ ಪರಿಚಯ ಮಾಡಿಸಬೇಕು; ಮುಂದೆ ಅದರ ಅಣ್ಣತಮ್ಮಂದಿರು ದಾಂಡಿಗರಾಗಿ ಬಂದಾಗ ಹೊಟ್ಟೆ ಗುರುತು ಹಿಡಿದು ಹೊರಗೆ ಹಾಕಬೇಕು. ಚುಚ್ಚುವುದಲ್ಲ, ಕುಡಿಯುವ ಲಸಿಕೆ. "ಮೊದಲನೇ ಸಲ ಸೊರಗಿಸಿದ್ದು ಕಡಿಮೆಯಾಯ್ತು, ಕುಡಿದವರಿಗೆ ಜ್ವರ ಬಂತು. ಎರಡನೇ ಸಲ ಎಷ್ಟು ಸೊರಗಿಸಿದೆ ಅಂದ್ರೆ, ಹೊಟ್ಟೆ ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ಇದು ಮೂರನೆಯದು. ಇದೂ ಆಗದಿದ್ರೆ ತಂಪುಪೆಟ್ಟಿಗೆಗೆ ಬೀಗ ಹಾಕಿ ಅಂತ ಮೇಲಿನಿಂದ ಹೇಳಿಬಿಟ್ಟಿದಾರೆ," ಎಂದರು. ಹೇಳುವಾಗ ನಗುತ್ತಲೇ ಇದ್ದರು, ಆದರೆ ಕೈ ಮಾತ್ರ ಕೊರಳ ದಾರವನ್ನು ಹೊಸೆಯುತ್ತಿತ್ತು.

ಪರೀಕ್ಷೆಗೆ ಮುನ್ನೂರ ಎರಡು ಮಂದಿ ಹೆಸರು ಕೊಟ್ಟರು. ಹದಿನೈದು ದಿನಕ್ಕೊಮ್ಮೆ, ಮೂರು ಸಲ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಪುಟ್ಟ ಸೀಸೆ ಕುಡಿಯಬೇಕು. ಅರ್ಧ ಜನರ ಸೀಸೆಯಲ್ಲಿ ಲಸಿಕೆ, ಇನ್ನರ್ಧ ಜನರದರಲ್ಲಿ ಬರೀ ಸೋಡಾ ಪುಡಿ ಸಕ್ಕರೆಯ ನೀರು. ಬಣ್ಣ ಒಂದೇ, ರುಚಿ ಒಂದೇ. ಸೀಸೆಗೆ ನಂಬರು ಮಾತ್ರ. ಯಾವ ನಂಬರಿನಲ್ಲಿ ಏನಿದೆ ಎನ್ನುವ ಕಾಗದ ಅರಗು ಹಾಕಿದ ಲಕೋಟೆಯಲ್ಲಿ, ದೂರದ ಕಚೇರಿಯಲ್ಲಿ. ನೀರು ಸಿಕ್ಕವರಿಗೆ ಪರೀಕ್ಷೆ ಮುಗಿದ ಮೇಲೆ ಲಸಿಕೆ ಕೊಡುವುದೆಂದು ಮೊದಲೇ ಮಾತಾಗಿತ್ತು. ಮನೆ ಮನೆಗೆ ಸೀಸೆ ಮುಟ್ಟಿಸುವ ಕೆಲಸ ನನ್ನದು. ಬುತ್ತಿಯ ಬದಲು ಐಸು ತುಂಬಿದ ಡಬ್ಬಿ ಹೊತ್ತೆ, ಅಷ್ಟೇ.

ಮೊದಲ ಸೀಸೆಯ ದಿನ ಡಾಕ್ಟರು ಊರಲ್ಲಿರಲಿಲ್ಲ, ಎಲ್ಲರ ರಕ್ತದ ಮಾದರಿ ಹಿಡಿದು ನಗರಕ್ಕೆ ಹೋಗಿದ್ದರು. ಹೋಗುವ ಮುಂಚೆ ನಾನು ಕೇಳಿದ್ದೆ, "ಡಾಕ್ಟರಬಾಯಿ, ನಾಕಕ್ಕ ಹೊಟ್ಟಿ ಎಲ್ಲಾ ಹೇಳಿಬಿಡತಾವಲ್ರೀ?" ಎಂದು. ಅವರು, "ಎಂದೂ ತಿನ್ನದೇ ಇರೋದರ ಹೆಸರು ಹೊಟ್ಟೆಗೆ ಹೇಗೆ ಗೊತ್ತಿರತ್ತೆ, ನಿಂಬೆವ್ವ?" ಎಂದಿದ್ದರು. ಓದಿದವರು ಹೇಳಿದರೆಂದು ನಾನೂ ತಲೆಯಾಡಿಸಿದೆ.

ಅಂದು ಇಳಿಹೊತ್ತಿಗೆ ಜಗುಲಿಯ ಮೇಲೆ ನಾನು, ಪಕ್ಕದ ಮನೆಯ ಖಾಜಾಬಿ ಕೂತು ಅಕ್ಕಿ ಆರಿಸುತ್ತಿದ್ದೆವು. ನಾಲ್ಕು ಹೊಡೆಯಿತು. ಮೊದಲು ಖಾಜಾಬಿಯ ಹೊಟ್ಟೆ, ನಾಚಿಕೆಯ ಹೊಸ ಮದುಮಗನ ದನಿಯಲ್ಲಿ: "ಸೋಡಾ ಪುಡಿ. ಸಕ್ಕರಿ. ನೀರು. ಆಮ್ಯಾಲ ಚಾ, ಖಾರಬ್ಯಾಳಿ, ಅನ್ನ." ಅಷ್ಟು ಹೇಳಿ ಸುಮ್ಮನಾಯಿತು. ಆಮೇಲೆ ನನ್ನದು, ಅತ್ತೆಯ ದನಿ ಏರಿಸಿಕೊಂಡು: "ಸೋಡಾ ಪುಡಿ. ಸಕ್ಕರಿ. ನೀರು. ಮತ್ತ... ಯಾರೋ ಬಂದಾರ."

ನಾವಿಬ್ಬರೂ ಅಕ್ಕಿಯ ಮೊರ ಕೆಳಗಿಟ್ಟೆವು.

"ಭಾಳ ಮಂದಿ ಬಂದಾರ," ಎಂದಿತು ಹೊಟ್ಟೆ. "ಸೊರಗ್ಯಾರ, ಪಾಪ. ಕೈಕಾಲಾಗ ಕಸುವಿಲ್ಲ. ಕೂಡ್ರಿ ಅಂತ ಹೇಳೀನಿ."

ಖಾಜಾಬಿ ನನ್ನ ಮುಖ ನೋಡಿದಳು, ನನ್ನ ಹೊಟ್ಟೆ ನೋಡಿದಳು. "ಯಾರಽ ಅವರು?"

"ನನಗೇನ ಗೊತ್ತಽ? ನಾ ಏನ ಕರದೀನೇನ?"

"ನಿನಗ ಬೀಗರು ಬಂದಾರ, ನನಗ ಬರೇ ಸೋಡಾ ನೀರು! ಇಪ್ಪತ್ತ ವರ್ಷದ ನೆರಿಮನಿ ನಮ್ಮದು, ನಿಂಬೆವ್ವಾ."

"ಅಯ್ಯ ಮಾರಾಯ್ತಿ, ಸೀಸೆದಾಗ ಏನೈತಿ ಅಂತ ನಾ ತುಂಬೀನೇನ?"

"ತುಂಬಿಲ್ಲ ಖರೇ. ಆದರ ನಾ ಕೇಳೀನಲ್ಲ," ಎಂದಳು ಖಾಜಾಬಿ. ಅವಳು ಜಗಳಕ್ಕೆ ಹೇಳಿದ್ದಲ್ಲ. ರೂಢಿಯ ಮಾತು ಹೇಳಿದ್ದು. ಕೇಳಿದ್ದಾಳೆ, ಪಾಲು ಬರಬೇಕು.

ಊರ ತುಂಬ ಅವತ್ತು ಅದೇ ಮಾತು. ಪೈಲ್ವಾನನ ಬೆಕ್ಕಿನ ಮರಿ "ಯಾರೋ ಬಂದಾರ" ಎಂದದ್ದಕ್ಕೆ ಗರಡಿಮನೆಯವರೆಲ್ಲ ಎದ್ದು ಜಾಗ ಬಿಟ್ಟರಂತೆ. ಹೆಡ್‌ಮಾಸ್ತರರ ಹೊಟ್ಟೆಗೆ ಯಾರೂ ಬಂದಿರಲಿಲ್ಲ, ಅವರ ಜವಾನನ ಹೊಟ್ಟೆಗೆ ಬಂದಿದ್ದರು. ಜವಾನ ಪಾಪ ಮೂರು ದಿನ ತಲೆ ತಗ್ಗಿಸಿಕೊಂಡು ಓಡಾಡಿದ.

ಹದಿನೈದು ದಿನ ಕಳೆದು ಎರಡನೆಯ ಸೀಸೆಯ ದಿನ ಬಂತು; ಡಾಕ್ಟರು ನಗರದಿಂದ ಮರಳಿದ್ದೂ ಅವತ್ತೇ ಮಧ್ಯಾಹ್ನ. ಬೆಳಿಗ್ಗೆ ನನ್ನ ಸೀಸೆಯನ್ನು ಎರಡು ಲೋಟಕ್ಕೆ ಸಮನಾಗಿ ಬಗ್ಗಿಸಿ, ಒಂದನ್ನು ಗೋಡೆಯ ಮೇಲಿಂದ ಖಾಜಾಬಿಗೆ ಕೊಟ್ಟೆ. ಅವಳೂ ತನ್ನದರಲ್ಲಿ ಅರ್ಧ ನನಗೆ ಕೊಟ್ಟಳು. ಲೋಟವನ್ನು ಖಾಲಿಯಾಗಿ ಹಿಂತಿರುಗಿಸುವುದು ನಮ್ಮಲ್ಲಿಲ್ಲ. ಇದನ್ನು ಎದುರು ಮನೆಯವರು ನೋಡಿದರು. ನಾನು ಸೀಸೆ ಹಂಚುತ್ತ ಮುಂದಿನ ಓಣಿಗೆ ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಹೋಗಿತ್ತು. "ನಿಂಬೆವ್ವ, ನೀನಽ ಅರ್ಧ ಕೊಟ್ಟೀಯಂತ, ಹೌದಲ್ಲ?" ಎಂದು ಕೇಳಿದವರಿಗೆಲ್ಲ ನಾನು ಹೆಮ್ಮೆಯಿಂದ ಹೌದೆಂದೆ. ದೇವರಾಣೆಗೂ ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಅವತ್ತು ನಾಲ್ಕು ಗಂಟೆಗೆ ಡಾಕ್ಟರು ಸಂತೆ ಬೀದಿಯಲ್ಲಿದ್ದರು. ಬಾಳೆಹಣ್ಣು ಕೊಳ್ಳುತ್ತಿದ್ದಾಗ ಹಣ್ಣಿನವಳ ಹೊಟ್ಟೆ, "ಅರ್ಧ ಸೀಸೆ. ಅರ್ಧ ಮಂದಿ ಬಂದಾರ," ಎಂದಿತು. ಪಕ್ಕದ ಕ್ಷೌರದಂಗಡಿಯವನದು, "ಎರಡು ಗುಟುಕು, ಬೀಗರ ಸೀಸೆದಾಗಿಂದು." ಅದರಾಚೆ ಕೂತ ಮುದುಕಿಯದು, "ಒಂದಽ ಗುಟುಕು. ಸೊಸಿ ಕೊಟ್ಟಾಳ, ಚಲೋ ಹುಡುಗಿ." ಬೀದಿಯ ಉದ್ದಕ್ಕೂ ಅರ್ಧ, ಕಾಲು, ಗುಟುಕು. ಡಾಕ್ಟರು ಹಣ್ಣು ಬಿಟ್ಟು ನನ್ನ ಖಾನಾವಳಿಗೆ ಬಂದು ಮೆಟ್ಟಿಲ ಮೇಲೆ ಕೂತರು.

"ಯಾರು ಶುರು ಮಾಡಿದ್ದು ಇದನ್ನ?"

"ನಾನ್ರೀ," ಎಂದೆ, ಇನ್ನೂ ನಗುತ್ತಲೇ. "ಯಾರಿಗೂ ಕಡಿಮಿ ಆಗಬಾರದು ನೋಡ್ರಿ."

ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು. "ಯಾರಿಗೆ ಯಾವುದು ಸಿಕ್ಕಿದೆ ಅಂತ ಯಾರಿಗೂ ಗೊತ್ತಿರಬಾರದು ನಿಂಬೆವ್ವ, ನನಗೂ ಕೂಡ. ಗೊತ್ತಾದ್ರೆ ಲಸಿಕೆ ಸಿಕ್ಕವರು ಧೈರ್ಯವಾಗಿ ಹಳ್ಳದ ನೀರು ಕುಡೀತಾರೆ, ಸಿಗದವರು ಹೆದರಿ ಕಾಯಿಸಿ ಕುಡೀತಾರೆ. ಆಮೇಲೆ ರೋಗ ತಡೆದದ್ದು ಲಸಿಕೆಯೋ ಒಲೆಯೋ ಅಂತ ಹೇಳೋದು ಹೇಗೆ? ಈಗಂತೂ ಎಲ್ಲರೂ ಅರ್ಧರ್ಧ ಕುಡಿದಿದಾರೆ. ಯಾರನ್ನ ಯಾರ ಜೊತೆ ಹೋಲಿಸಲಿ?" ಮತ್ತೆ, "ಒಂಬತ್ತು ವರ್ಷ," ಎಂದರು. ಅವರ ಹೊಟ್ಟೆ ಒಳಗಿಂದ ಸಣ್ಣಗೆ, "ಊಟ, ಇಲ್ಲ," ಎಂದಿತು. ರೈಟ್ ಅನ್ನಲಿಲ್ಲ.

ನಾನು ಒಳಗೆ ಓಡಿದೆ. ತಟ್ಟೆಯಲ್ಲಿ ಬಡಿಸಿಕೊಂಡು ಬಂದು ಮುಂದೆ ಇಟ್ಟರೆ ಅವರು ಅನ್ನವನ್ನು ಬೆರಳಲ್ಲಿ ಆಚೆ ಈಚೆ ಸರಿಸಿದರು. "ಹಂಚಿಕೊಳ್ಳದೇ ಇರೋ ಓಣಿ ಒಂದಾದ್ರೂ ಇಲ್ವಾ ಈ ಊರಲ್ಲಿ?" ಎಂದರು, ನನ್ನನ್ನು ಕೇಳಿದ್ದಲ್ಲ, ಅನ್ನವನ್ನು ಕೇಳಿದ ಹಾಗೆ.

ಹಂಚಿಕೊಳ್ಳದಷ್ಟು ಜಿಪುಣರು ನಮ್ಮೂರಲ್ಲಿಲ್ಲ ಎನ್ನಬೇಕೆಂದು ಬಾಯಿ ತೆರೆದವಳು ಹಾಗೇ ನಿಂತೆ. ಜಿಪುಣರಿಲ್ಲ, ನಿಜ. ಆದರೆ ಹಂಚಬೇಕಾದರೆ ಮೊದಲು ಕೇಳಿಸಬೇಕಲ್ಲ?

ನನ್ನ ತಂಗಿ ಸಾವಂತ್ರವ್ವನನ್ನು ಕೊಟ್ಟದ್ದು ಮಗ್ಗದ ಓಣಿಗೆ. ಅಲ್ಲಿ ಬೆಳಗಿನಿಂದ ದೀಪ ಹಚ್ಚುವ ತನಕ ಮನೆಗೆ ಎರಡೆರಡು ಕರೆಂಟಿನ ಮಗ್ಗ ಬಡಿಯುತ್ತಿರುತ್ತವೆ. ಅಲ್ಲಿಯವರು ಮಾತಾಡುವುದೆಲ್ಲ ಕೈಸನ್ನೆಯಲ್ಲಿ, ಹುಬ್ಬಿನಲ್ಲಿ. ಮರುದಿನ ನಾಲ್ಕಕ್ಕೆ ಸರಿಯಾಗಿ ಹೋಗಿ ಓಣಿಯ ಹಿರಿಯ ಗುರುಪಾದಪ್ಪನವರ ಕಿವಿಗೆ ಬಾಯಿಟ್ಟು ಕೂಗಿದೆ: "ಕಾಕಾ, ನಿಮ್ಮ ಹೊಟ್ಟಿ ಏನಂತೈತ್ರಿ?"

"ಯಾರ ಹೊಟ್ಟಿ?"

"ನಿಮ್ಮದು!"

"ನಂದಾ?" ಮುದುಕ ಮಗ್ಗ ನಿಲ್ಲಿಸದೆ ನಕ್ಕ. "ಹುಚ್ಚಿ, ನಲವತ್ತ ವರ್ಷ ಆತು ನಾ ಅದರ ದನಿ ಕೇಳಿ! ಗಂಡಸರದೋ ಹೆಂಗಸರದೋ ಅದೂ ನೆನಪಿಲ್ಲ!"

"ಸೀಸೆ ಯಾರಿಗರೆ ಹಂಚೀರೇನ್ರಿ?"

"ಅದರಾಗ ಹಂಚೂದೇನೈತಿ? ಎಲ್ಲಾರಿಗೂ ಒಂದೊಂದು ಕೊಟ್ಟೀಯಲ್ಲ!"

ನಾನು ಆ ಓಣಿಯಿಂದ ಆಸ್ಪತ್ರೆಗೆ ಓಡಿದ್ದು ನನಗೇ ನೆನಪಿಲ್ಲ. ಚಪ್ಪಲಿ ಒಂದು ಅಲ್ಲೇ ಬಿಟ್ಟಿದ್ದೆನಂತೆ. ಮಗ್ಗದ ಓಣಿಯಿಂದ ಹೆಸರು ಕೊಟ್ಟವರು ಅರವತ್ತೆರಡು ಮಂದಿ. ಡಾಕ್ಟರು ಪಟ್ಟಿಯನ್ನು ಮೂರು ಸಲ ಎಣಿಸಿದರು. "ಸ್ವಲ್ಪ ಜನ," ಎಂದರು. ಮತ್ತೆ, "ಆದರೂ ಇದಾರೆ," ಎಂದರು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು, ಮೂರನೆಯ ಸೀಸೆ ಮುಗಿಯುವವರೆಗೆ, ಮಳೆಗಾಲ ದಾಟುವವರೆಗೆ, ಆ ಓಣಿಯಲ್ಲಿ ಬೀಗರ ಸುದ್ದಿಯಾಗಲಿ ಪಾಲಿನ ಸುದ್ದಿಯಾಗಲಿ ಎತ್ತಬಾರದೆಂದು ಮಾತು ತೆಗೆದುಕೊಂಡರು. ಉಳಿದ ಊರು ಹೇಗೂ ಕೆಟ್ಟದ್ದು ಕೆಟ್ಟಿತು, ಹಂಚಿಕೊಳ್ಳಲಿ. ಯಾರ ಹೊಟ್ಟೆ ಎಷ್ಟು ಗುಟುಕು ಎನ್ನುತ್ತದೋ ಅದನ್ನು ನಾನು ಬರೆದಿಟ್ಟುಕೊಳ್ಳಬೇಕು.

ಮಾತು ಕೊಡುವುದು ಸುಲಭವಾಗಿತ್ತು. ಮೂರನೆಯ ಸೀಸೆ ಹಿಡಿದು ತಂಗಿಯ ಮನೆ ಬಾಗಿಲಿಗೆ ಹೋದಾಗ ಕಷ್ಟವಾಯಿತು. ಸಾವಂತ್ರವ್ವ, ಅವಳ ಗಂಡ, ಏಳು ವರ್ಷದ ಮಗಳು ಪುತಳಿ, ಮೂವರೂ ಪಟ್ಟಿಯಲ್ಲಿದ್ದರು. ಪುತಳಿ ನನ್ನ ಸೆರಗು ಹಿಡಿದು ಎಳೆದು, ಸೀಸೆ ಬಾಯಿಗೆತ್ತಿ, "ಸಿಹಿ ಐತಿ!" ಎಂದು ಸನ್ನೆ ಮಾಡಿದಳು. ಅದರಲ್ಲಿ ಏನಿದೆಯೋ ನನಗೂ ಗೊತ್ತಿರಲಿಲ್ಲ. ಖಾಜಾಬಿಗೆ ಗೋಡೆಯ ಮೇಲಿಂದ ಅರ್ಧ ಕೊಟ್ಟವಳು ನಾನು, ಬೆನ್ನಿಗೆ ಬಿದ್ದ ತಂಗಿಯ ಮಗಳಿಗೆ ಒಂದು ಗುಟುಕು ಕೊಡದೆ ಹೊರಟೆ. ಜೀವಮಾನದಲ್ಲಿ ಮೊದಲ ಸಲ ಒಂದು ಪಾಲು ನುಂಗಿಕೊಂಡೆ ಅನಿಸಿತು.

ಮಳೆ ಬಂತು. ಹಳ್ಳ ಕೆಂಪಾಯಿತು. ನಾನು ದಿನಾ ನಾಲ್ಕು ಗಂಟೆಗೆ ಛತ್ರಿ ಹಿಡಿದು ಓಣಿ ಓಣಿ ಸುತ್ತುತ್ತ ಸುಮ್ಮನಿದ್ದ ಹೊಟ್ಟೆಗಳನ್ನು ಬರೆದುಕೊಳ್ಳತೊಡಗಿದೆ. ಪ್ರತಿ ವರ್ಷ ಸಂತೆ ಬೀದಿಯೊಂದರಲ್ಲೇ ಇಪ್ಪತ್ತು ಮೂವತ್ತು ಹೊಟ್ಟೆ ಸುಮ್ಮನಾಗುತ್ತಿದ್ದವು. ಈ ವರ್ಷ ಹಂಚಿಕೊಂಡು ಕುಡಿದ ಇನ್ನೂರ ನಲವತ್ತು ಮಂದಿಯಲ್ಲಿ ಎಣಿಸಿ ಹದಿಮೂರು. ಅವರಲ್ಲೂ ಹೆಚ್ಚಿನವರು ಒಂದೇ ಗುಟುಕಿನವರು. "ಸೊಸಿ ಇನ್ನೊಂದ ಗುಟುಕು ಕೊಡಬೇಕಿತ್ತು," ಎಂದು ಆ ಮುದುಕಿ ಹಾಸಿಗೆಯಲ್ಲೇ ಗೊಣಗಿದಳು, ಎರಡು ದಿನಕ್ಕೆ ಎದ್ದು ಕೂತಳು.

ಮಗ್ಗದ ಓಣಿಯಲ್ಲಿ ಮೌನ ಕೇಳಿಸುವ ಹಾಗಿಲ್ಲವಲ್ಲ. ಅಲ್ಲಿಯವರು ಒಬ್ಬೊಬ್ಬರಾಗಿ ಆಸ್ಪತ್ರೆಗೇ ಬಂದರು. ಒಂಬತ್ತು, ಹತ್ತು, ಹನ್ನೊಂದು. ಹನ್ನೆರಡನೆಯವಳಾಗಿ ಪುತಳಿಯನ್ನು ಸಾವಂತ್ರವ್ವ ಹೆಗಲ ಮೇಲೆ ಹಾಕಿಕೊಂಡು ಬಂದಳು. ಮಗುವಿನ ಕೈ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು.

ಡಾಕ್ಟರು ಉಪ್ಪುಸಕ್ಕರೆ ನೀರು ಕುಡಿಸಿದರು, ಔಷಧಿ ಕೊಟ್ಟರು, ಮಂಚದ ಪಕ್ಕದಲ್ಲೇ ಚಾಪೆ ಹಾಸಿಕೊಂಡರು. ಖಾಜಾಬಿ ಗಂಜಿ ಕಾಯಿಸಿ ತಂದಳು. ಜೊತೆಗೆ, ಅವಳ ಬಾಯಿ ಬೀಗ ಹಾಕಿದ್ದಲ್ಲವಲ್ಲ, ಊರಿನ ಸುದ್ದಿಯನ್ನೂ ತಂದಳು. ಸಾವಂತ್ರವ್ವ ಎದ್ದು ನನ್ನ ಎದುರು ಬಂದು ನಿಂತಳು.

"ಊರಿಗೆಲ್ಲಾ ಹಂಚಿದಿ, ಅಕ್ಕಾ. ನೆರಿಮನಿ ಖಾಜಾಬಿಗೆ ಅರ್ಧ ಕೊಟ್ಟಿ. ನನ್ನ ಕೂಸಿಗೆ ಮಾತ್ರ ಸೀಸೆದ ಬಾಯಿ ಒರಸೂದೂ ಆಗಲಿಲ್ಲಲ್ಲ ನಿನಗ?"

ಡಾಕ್ಟರಿಗೆ ಕೊಟ್ಟ ಮಾತಿನ ಬಗ್ಗೆ ಹೇಳಿದರೆ ಆ ಮಂಚದ ಮುಂದೆ ಅದು ಮಾತೇ ಅಲ್ಲ. "ತಪ್ಪಾತು ಸಾವಂತ್ರೀ," ಎಂದಷ್ಟೇ ಅಂದೆ. ಅವಳು ಮುಖ ತಿರುಗಿಸಿದಳು. ನಾಲ್ಕು ದಿನ ಅದೇ ಕೋಣೆಯಲ್ಲಿ ಇಬ್ಬರೂ ಇದ್ದೆವು, ಅವಳು ನನ್ನ ಕೈಯ ನೀರು ಕುಡಿಯಲಿಲ್ಲ. ಐದನೆಯ ದಿನ ನಾಲ್ಕು ಗಂಟೆಗೆ ಮಂಚದ ಮೇಲಿಂದ, ಯಾರೋ ಗಡ್ಡದ ಸ್ವಾಮಿಗಳ ಗಂಭೀರ ದನಿಯಲ್ಲಿ, "ಗಂಜಿ. ಎರಡು ಚಮಚ," ಎಂದು ಕೇಳಿಸಿತು. ಸಾವಂತ್ರವ್ವ ಹೌಹಾರಿ ಬಾಗಿಲ ಕಡೆ ನೋಡಿದಳು. "ಯಾರ ಬಂದ್ರು?" ಮಗಳ ಹೊಟ್ಟೆಯ ದನಿಯನ್ನು ಅವಳು ಕೇಳಿದ್ದೇ ಅದು ಮೊದಲು. ಗೊತ್ತಾದ ಮೇಲೆ ನಕ್ಕಳು, ಅತ್ತಳು, ನನ್ನನ್ನು ಮಾತ್ರ ನೋಡಲಿಲ್ಲ.

ಅದೇ ವಾರ ಪರೀಕ್ಷೆಯ ಅಧಿಕಾರಿ ಮೃತ್ಯುಂಜಯಪ್ಪನವರು ಲಕೋಟೆ ಹಿಡಿದು ಬಂದಿಳಿದರು. ಒಂದೇ ದಿನದ ಕೆಲಸವೆಂದು ಬಂದವರು, ಸೇತುವೆಯ ಮೇಲೆ ನೀರು ಬಂದು ಸಿಕ್ಕಿಕೊಂಡರು. ಇಸ್ತ್ರಿ ಮುರಿಯದ ಅಂಗಿ, ನಿಯಮದ ಪುಸ್ತಕ, ಕಾಯಿಸಿದ ನೀರೇ ಬೇಕು ಎನ್ನುವ ಹಟ. ಕಾಯಿಸಿದರೂ ನಮ್ಮೂರ ನೀರು ನಮ್ಮೂರ ನೀರೇ. ಆಸ್ಪತ್ರೆಯನ್ನೆಲ್ಲ ಸುತ್ತಿದರು, ಪುತಳಿಯ ಮಂಚದ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತರು.

ನಾಲ್ಕನೆಯ ದಿನ ಮಧ್ಯಾಹ್ನ ಶಾಲೆಯ ದೊಡ್ಡ ಕೋಣೆಯಲ್ಲಿ ಸಭೆ. ಊರೇ ಸೇರಿತ್ತು. ಅಧಿಕಾರಿಗಳು ನನ್ನ ಗುಟುಕಿನ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಕೆಳಗಿಟ್ಟರು. ಆಮೇಲೆ ಲಕೋಟೆ ಒಡೆದು, ಮಗ್ಗದ ಓಣಿಯ ನಂಬರುಗಳನ್ನು ಒಂದೊಂದಾಗಿ ಓದಿದರು. ಮೂವತ್ತೊಂದು ಮಂದಿಗೆ ಲಸಿಕೆ, ಮೂವತ್ತೊಂದು ಮಂದಿಗೆ ನೀರು. ಬೇನೆ ಬಿದ್ದ ಹನ್ನೆರಡು ಜನರಲ್ಲಿ ನೀರು ಕುಡಿದವರು ಹನ್ನೊಂದು. ಲಸಿಕೆಯವನು ಒಬ್ಬನೇ ಒಬ್ಬ. ಕೋಣೆಯಲ್ಲಿ ಗುಸುಗುಸು ಎದ್ದಿತು. ಡಾಕ್ಟರು ಕಣ್ಣು ಮುಚ್ಚಿಕೊಂಡರು.

"ಸಂಖ್ಯೆ ಚೆನ್ನಾಗಿದೆ," ಎಂದರು ಅಧಿಕಾರಿಗಳು. "ಆದರೆ ಅರವತ್ತೆರಡು ಜನ ತೀರಾ ಕಡಿಮೆ. ಉಳಿದ ಊರಿನಲ್ಲಿ ಪರೀಕ್ಷೆ ಅನ್ನೋದೇ ನಡೆದಿಲ್ಲ, ಪ್ರಸಾದ ವಿನಿಯೋಗ ನಡೆದಿದೆ."

"ಅರವತ್ತೆರಡು ಜನರ ಮೇಲೆ ಒಪ್ಪಿಗೆ ಕೊಡಿ ಅಂತ ನಾನು ಕೇಳ್ತಿಲ್ಲ ಸಾರ್," ಎಂದರು ಡಾಕ್ಟರು. "ಇನ್ನೊಂದು ವರ್ಷ ಕೊಡಿ. ಸಾವಿರ ಜನರ ಮೇಲೆ ಮಾಡ್ತೀನಿ. ಮತ್ತೆ ನೀರು ಕುಡಿದವರಿಗೆ ಈಗಲೇ ಲಸಿಕೆ ಕೊಡೋಕೆ ಬಿಡಿ. ಮಾತು ಕೊಟ್ಟಿದೀನಿ."

ಅಧಿಕಾರಿಗಳು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. "ನೋಡಿ, ನಾನು ಇಪ್ಪತ್ತೆಂಟು ವರ್ಷ ಈ ಕೆಲಸದಲ್ಲಿದ್ದೇನೆ. ನನಗೇ ಪೂರ್ತಿ ನಂಬಿಕೆ ಬಾರದ ಮದ್ದಿಗೆ—"

ನಾಲ್ಕು ಹೊಡೆಯಿತು.

ಕೋಣೆ ತುಂಬ ಹೊಟ್ಟೆಗಳು ಒಪ್ಪಿಸತೊಡಗಿದವು. ಅವೆಲ್ಲದರ ಮೇಲೆ, ಇಸ್ತ್ರಿ ಅಂಗಿಯ ಒಳಗಿಂದ, ಒಂದನೇ ತರಗತಿಯ ಹುಡುಗಿ ಕೈಕಟ್ಟಿ ನಿಂತು ಪದ್ಯ ಹೇಳುವ ರಾಗದಲ್ಲಿ ಒಂದು ದನಿ ಎದ್ದಿತು: "ರೊಟ್ಟಿ ಎರಡು! ಝುಣಕಾ! ಕೆನಿಮೊಸರು, ಬ್ಯಾಡ ಬ್ಯಾಡ ಅಂತ ಮೂರು ಸಲ! ಬೆಳಿಗ್ಗೆ ಖಾಲಿ ಹೊಟ್ಟಿಲೆ ಸೋಡಾ ಪುಡಿ, ಸಕ್ಕರಿ, ನೀರು!" ಒಂದು ಉಸಿರು ನಿಲ್ಲಿಸಿತು. "ಯಾರೋ ಬಂದಾರ!"

ಉಳಿದ ಹೊಟ್ಟೆಗಳೂ ಕೇಳಲೆಂದೇ ಸುಮ್ಮನಾದವೋ ಏನೋ, ಕೋಣೆಯಲ್ಲಿ ಗಡಿಯಾರದ ಟಿಕ್ ಟಿಕ್ ಮಾತ್ರ. ಮೃತ್ಯುಂಜಯಪ್ಪನವರ ಕಿವಿ ಕೆಂಪಾಗಿ, ಕೆಂಪು ಕುತ್ತಿಗೆಗೆ ಇಳಿಯಿತು. ಎರಡೂ ಕೈಯಿಂದ ಹೊಟ್ಟೆ ಅಮುಕಿಕೊಂಡರು. "ಸೊರಗ್ಯಾರ ಪಾಪ," ಎಂದಿತು ಅದು ಕೈಯಡಿಯಿಂದಲೇ. ಪೈಲ್ವಾನ ರಾಮಪ್ಪ ಮೊದಲು ನಕ್ಕ. ಆಮೇಲೆ ತಡೆಯುವವರಿರಲಿಲ್ಲ.

ನಗದೇ ಇದ್ದವರು ಡಾಕ್ಟರೊಬ್ಬರೇ. ಕನ್ನಡಕ ಏರಿಸಿಕೊಂಡು, ಪುಸ್ತಕ ತೆರೆದು, "ಯಾವಾಗ ಕುಡಿದಿರಿ ಸಾರ್? ಯಾವ ಸೀಸೆ?" ಎಂದು ಕೇಳಿದರು.

"ಬೆಳಿಗ್ಗೆ ಆರಕ್ಕೆ. ತಂಪುಪೆಟ್ಟಿಗೆಯಲ್ಲಿ ಉಳಿದಿತ್ತು," ಎಂದರು ಅವರು ಮೆಲ್ಲಗೆ. "ಯಾವುದು ಅಂತ ನನಗೂ ಗೊತ್ತಿರಲಿಲ್ಲ. ಆ ಮಗುವನ್ನ ನೋಡಿದೆ. ಭಯವಾಯ್ತು."

"ಗೊತ್ತಿಲ್ಲದೆ ಕುಡಿದಿದೀರಿ. ಹಾಗಿದ್ರೆ ನಿಯಮದ ಪ್ರಕಾರವೇ ಆಯ್ತು. ಅರವತ್ತಮೂರನೆಯವರು ನೀವು," ಎಂದು ಡಾಕ್ಟರು ಬರೆದುಕೊಂಡರು. "ಇನ್ನೆರಡು ಸಲ ಕುಡಿಯಬೇಕು, ಹದಿನೈದು ದಿನಕ್ಕೊಮ್ಮೆ. ಮರೀಬೇಡಿ."

ಅಧಿಕಾರಿಗಳು ಅವರನ್ನೇ ನೋಡಿದರು. ಅವರ ತುಟಿಯ ತುದಿ ಮೊದಲು ಅಲುಗಿತು, ಆಮೇಲೆ ಹೆಗಲು, ಕೊನೆಗೆ ಆ ದೊಡ್ಡ ಮನುಷ್ಯ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಸುಧಾರಿಸಿಕೊಂಡು ಸಹಿ ಹಾಕುವಾಗ ಮಾತ್ರ ಬೆರಳೆತ್ತಿ ಹೇಳಿದರು, "ಇದು ನನ್ನ ಹೊಟ್ಟೆ ಹೇಳಿದ್ದಕ್ಕಲ್ಲ. ಆ ಅರವತ್ತೆರಡು ಜನಕ್ಕೆ. ಒಂದು ವರ್ಷ, ಸಾವಿರ ಜನ, ಬೇರೆ ಊರು. ಹೊಟ್ಟೆ ಬಾಯಿ ಮುಚ್ಚಿಕೊಂಡಿರೋ ಊರು!"

ಹತ್ತು ದಿನಕ್ಕೆ ಲಸಿಕೆಯ ಹೊಸ ಸೀಸೆಗಳು ಬಂದವು. ಬೇನೆ ಬಂದು ಹೋದವರಿಗೂ ಬೇಕು, ಅದು ಬೇರೆ ವೇಷದಲ್ಲಿ ಮತ್ತೆ ಬರುತ್ತದೆ ಎಂದರು ಡಾಕ್ಟರು. ನಾನು ಮೊದಲು ಹೋದದ್ದು ಮಗ್ಗದ ಓಣಿಗೆ. ಸಾವಂತ್ರವ್ವ ಬಾಗಿಲಲ್ಲಿದ್ದಳು. ಆ ಮನೆಯ ಮೂವರಿಗೂ ಸಿಕ್ಕಿದ್ದು ಬರೀ ನೀರಾಗಿತ್ತು; ಮೂರು ಸೀಸೆ ಅವಳ ಕೈಗಿಟ್ಟೆ, ಹೊರಡಲೆಂದು ತಿರುಗಿದೆ. ಹಿಂದಿನಿಂದ ಸೆರಗು ಹಿಡಿದು ನಿಲ್ಲಿಸಿದಳು. ಮಗ್ಗದ ಸದ್ದಿಗೆ ಏನು ಅಂದಳೋ ಕೇಳಿಸಲಿಲ್ಲ. ಕೈಸನ್ನೆಯಲ್ಲಿ ಹೇಳಿದಳು: ಇಳಿಹೊತ್ತಿಗೆ ಬಾ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಹೋದೆ, ಡಾಕ್ಟರನ್ನೂ ಕರೆದುಕೊಂಡು. ಗುರುಪಾದಪ್ಪ ಓಣಿಯ ನಡುವೆ ನಿಂತು ಕೈಯೆತ್ತಿದರು. ಒಂದು ಮಗ್ಗ ನಿಂತಿತು, ಇನ್ನೊಂದು ನಿಂತಿತು, ಓಣಿಯ ತುದಿಯವರೆಗೆ ಒಂದೊಂದಾಗಿ ಎಲ್ಲ ನಿಂತವು. ಆ ಓಣಿಯಲ್ಲಿ ಗುಬ್ಬಿಗಳಿವೆ ಎಂದು ನನಗೆ ಅವತ್ತು ಗೊತ್ತಾದದ್ದು. ಜನ ಹೊರಗೆ ಬಂದು ಕಟ್ಟೆಗಳ ಮೇಲೆ ಕೂತರು, ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲು ನಾಚಿಕೊಂಡು. ನಾಲ್ಕು ಹೊಡೆಯಿತು. ಗುರುಪಾದಪ್ಪನವರದು ಎಳೆಯ ಹುಡುಗಿಯ ದನಿ ಎಂದು ಗೊತ್ತಾಯಿತು. ಅದು ಹೆಂಡತಿಗೆ ಹೇಳದೆ ತಿಂದ ಎರಡು ಬಜ್ಜಿಯ ಸುದ್ದಿಯನ್ನು ನಲವತ್ತು ವರ್ಷದ ಹಸಿವಿನಿಂದ ಕೂಗಿ ಹೇಳಿತು. "ಬಜ್ಜಿ? ಯಾವಾಗ?" ಎಂದು ಮುದುಕಿ ಎದ್ದಳು.

ಪುತಳಿ ಅಮ್ಮನ ತೊಡೆಯ ಮೇಲೆ, ಅಂಗಿ ಎತ್ತಿ ಹೊಟ್ಟೆಯನ್ನೇ ನೋಡುತ್ತ ಕೂತಿದ್ದಳು. ಸ್ವಾಮಿಗಳ ದನಿ ಕೆಮ್ಮಿ ಗಂಟಲು ಸರಿಮಾಡಿಕೊಂಡಿತು. "ಸೋಡಾ ಪುಡಿ. ಸಕ್ಕರಿ. ನೀರು."

ಸಾವಂತ್ರವ್ವ ನನ್ನ ಕೈ ಹಿಡಿದಳು. ಹಿಡಿತ ಬಿಗಿಯಾಗಿತ್ತು.

"ಮತ್ತ," ಎಂದಿತು ಹೊಟ್ಟೆ, "ಯಾರೋ ಬಂದಾರ."

ಪುತಳಿ ಅಂಗಿ ಕೆಳಗಿಳಿಸಿ, ದೊಡ್ಡವರು ಮಾಡುವ ಹಾಗೆ ಅದನ್ನು ಮೊಣಕಾಲ ತನಕ ಸರಿಮಾಡಿಕೊಂಡು, ತಲೆ ಬಗ್ಗಿಸಿ ಹೇಳಿದಳು, "ಒಳಗ ಬರ್ರಿ, ಕೂಡ್ರಿ. ಇನ್ನೊಂದ ಸ್ವಲ್ಪ ಹೊತ್ತಿಗೆ ಮಗ್ಗ ಚಾಲೂ ಆಗತಾವ, ಅಂಜಬ್ಯಾಡ್ರಿ ಮತ್ತ."